ಚಂದ್ರಗಿರಿಗೆ ತುಕ್ಕು ಬಂದದ್ದು ಎಲ್ಲಿಂದ? ಆಲ್ದೂರು ಕಡೆಯ ಒಂದು ತೋಟದ ಪ್ರಕರಣ

ಸೆಪ್ಟೆಂಬರ್‌ನಲ್ಲಿ ಅರೇಬಿಕಾ ಕಾಫಿ ತೋಟಕ್ಕೆ ಬಿಳಿ ಬಟ್ಟೆ ಹಾಕಿಕೊಂಡು ಹೋಗಬಾರದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎರಡು ಸಾಲು ದಾಟುವಷ್ಟರಲ್ಲಿ ತೋಳಿಗೆ, ಸೊಂಟಕ್ಕೆ ಕಿತ್ತಳೆ ಬಣ್ಣದ ಪುಡಿ ಮೆತ್ತಿಕೊಂಡಿರುತ್ತದೆ. ಅದು ಎಲೆ ತುಕ್ಕು ಅನ್ನುವ ಶಿಲೀಂಧ್ರ ರೋಗದ ಪುಡಿ. ಕೊಡವಲು ಹೋದರೆ ಇನ್ನಷ್ಟು ಹರಡುತ್ತದೆ. ನಮ್ಮ ದೊಡ್ಡಮ್ಮ ಅದಕ್ಕೆಂದೇ ಒಂದು ಹಳೇ ಕಾಕಿ ಶರ್ಟು ಬಾಗಿಲ ಹಿಂದೆ ನೇತು ಹಾಕಿರುತ್ತಾರೆ.

ಎರಡು ವರ್ಷದ ಹಿಂದೆ ಆ ಪುಡಿ ನನ್ನ ದುಪಟ್ಟಾಕ್ಕೆ ಬರಬಾರದ ಜಾಗದಿಂದ ಬಂತು. ಚಂದ್ರಗಿರಿ ಅನ್ನುವ ಅರೇಬಿಕಾ ತಳಿಯ ಬ್ಲಾಕಿನಿಂದ.

"ತುಕ್ಕು ಬರಲ್ಲ ಅಂತ ತಾನೆ ಇದನ್ನ ಹಾಕಿದ್ದು?" ಅಂದ ಅಣ್ಣ. ಕೇಳಿದ್ದು ನನ್ನನ್ನೋ ಗಿಡವನ್ನೋ ಗೊತ್ತಾಗಲಿಲ್ಲ.

ಅಣ್ಣ ಅಂದರೆ ದೊಡ್ಡಪ್ಪನ ಮಗ. ನಾನು ಚಿಕ್ಕಮಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಓದುವಾಗ ರಾಗಿಯ ಬೆಂಕಿ ರೋಗದ ಮೇಲೆ ಒಂದು ಸಣ್ಣ ಪ್ರಬಂಧ ಬರೆದಿದ್ದೆ. ಅಷ್ಟಕ್ಕೇ ಮನೆಯಲ್ಲಿ ಯಾರ ಗಿಡಕ್ಕೆ ಏನಾದರೂ ನನಗೆ ಫೋನ್ ಬರುತ್ತದೆ. ಈ ಸಲದ ಕೇಸನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಯಾಕೆಂದರೆ ಶುರುವಿನಲ್ಲಿ ನಾನು ಕೊಟ್ಟ ಉತ್ತರ ಅರ್ಧ ತಪ್ಪಾಗಿತ್ತು.

ತೋಟ ಹೇಗಿದೆ

ಆಲ್ದೂರಿನಿಂದ ಬಾಳೆಹೊನ್ನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಗುಡ್ಡದ ಇಳಿಜಾರಿನಲ್ಲಿ ತೋಟ ಇದೆ. ಎಲ್ಲಕ್ಕಿಂತ ಮೇಲೆ ದೊಡ್ಡಪ್ಪ ಹಾಕಿಸಿದ ಎಸ್.795, ಹಳೇ ಅರೇಬಿಕಾ ತಳಿ. ಅದರ ಕೆಳಗೆ ಸುಮಾರು 1990ರಲ್ಲಿ ಹಾಕಿದ ಕಾವೇರಿ, ಇನ್ನೊಂದು ಅರೇಬಿಕಾ ತಳಿ. ಅದರ ಕೆಳಗೆ ಒಂದು ಎಕರೆ ಚಂದ್ರಗಿರಿ, 2013ರದ್ದು. ಕೊನೆಗೆ ಹಳ್ಳದ ಪಕ್ಕ ನಾಲ್ಕು ಸಾಲು ರೋಬಸ್ಟಾ, ಅದು ಕಾಫಿಯ ಬೇರೆ ಜಾತಿ. ಚಂದ್ರಗಿರಿ ಇರುವ ಜಾಗದಲ್ಲಿ ಮೊದಲು ಎಸ್.795 ಇತ್ತು. ಕಾಂಡಕೊರಕ ಹುಳ ಅದನ್ನು ತಿಂದು ಮುಗಿಸಿದ ಮೇಲೆ ಅಣ್ಣ ಒಂದು ಖಾಸಗಿ ನರ್ಸರಿಯಿಂದ ಸಸಿ ತಂದು ನೆಟ್ಟ.

ಸಿಂಪಡಣೆಯ ಲೆಕ್ಕ ಕೇಳಿದಾಗ, ತೋಟದ ಕೆಲಸ ನೋಡಿಕೊಳ್ಳುವ ರೈಟರು ಹೇಳಿದ್ದನ್ನು ಅಲ್ಲೇ ಬರೆದುಕೊಂಡೆ. ಎಸ್.795ಗೆ ವರ್ಷಕ್ಕೆ ಎರಡು ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ), ಮಳೆಗೆ ಮುಂಚೆ ಒಂದು, ಮಳೆ ಬಿಟ್ಟ ಮೇಲೆ ಒಂದು. ದೊಡ್ಡಪ್ಪನ ಕಾಲದಿಂದ ತಪ್ಪಿಲ್ಲ. ಕಾವೇರಿಗೆ ಒಂದೊಂದು ವರ್ಷ ಒಂದು ಸಲ, ಒಂದೊಂದು ವರ್ಷ ಅದೂ ಇಲ್ಲ. ಚಂದ್ರಗಿರಿಗೆ ನೆಟ್ಟಾಗಿನಿಂದ ಒಂದು ಹನಿ ಬಿದ್ದಿಲ್ಲ.

"ಅದಕ್ಕೆ ಬೇಕಿಲ್ಲ ಅಂದಿದ್ರು ಅಮ್ಮ," ಅಂದರು ರೈಟರು.

ಆ ವರ್ಷ ಜುಲೈನಲ್ಲಿ ಮಳೆ ಹೊಡೆದು, ಆಗಸ್ಟ್‌ನಲ್ಲಿ ಬಿಸಿಲು ಮಳೆ ಎರಡೂ ಆಟ ಆಡಿದ್ದವು. ಆಳು ಸಿಗದೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಅರ್ಧಕ್ಕೇ ನಿಂತಿತ್ತು. ಕೆಳಗಿನ ಬ್ಲಾಕಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಎಲೆ ಒದ್ದೆ. ತುಕ್ಕಿಗೆ ಬೇಕಾದದ್ದು ಅದೇ. ಎಲೆಯ ಮೇಲೆ ನೀರು ನಿಂತಿರಬೇಕು, ಹವೆ 22–24 ಡಿಗ್ರಿಯ ಆಸುಪಾಸು ಇರಬೇಕು, ಬೆಳಕು ಕಡಿಮೆ ಇರಬೇಕು.

ಯಾಕೆ ಬಂತು ಅನ್ನುವುದಕ್ಕೆ ಅವತ್ತು ಜಗಲಿಯಲ್ಲಿ ಮೂರು ತೀರ್ಪು ಸಿಕ್ಕವು. ಅಣ್ಣನ ಪ್ರಕಾರ ನರ್ಸರಿಯವನು ಮೋಸ ಮಾಡಿದ್ದಾನೆ, ಇದು ಚಂದ್ರಗಿರಿಯೇ ಅಲ್ಲ. ರೈಟರ ಪ್ರಕಾರ ಮರಗಸಿ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಕಾಫಿ ಕುಡಿಯಲು ಬಂದ ಪಕ್ಕದ ತೋಟದ ಗೌಡರು ಲೋಟ ಕೆಳಗಿಟ್ಟು, "ಎಲ್ಲ ಕಿತ್ತಾಕಿ ರೋಬಸ್ಟಾ ಹಾಕು ಮಾರಾಯ, ನಮ್ಮದು ಆಗ್ಲೇ ಆಯ್ತು," ಅಂದರು.

ನಾನು ಅಣ್ಣನ ಕಡೆ ವಾಲಿದೆ. ಸಸಿ ಬೆರಕೆ ಆಗುವುದು ನಮ್ಮಲ್ಲಿ ಹೊಸದೇನಲ್ಲ. ಬಿಲ್ಲಿನಲ್ಲಿ 'ಚಂದ್ರಗಿರಿ ಸಸಿ' ಅಂತಷ್ಟೇ ಇತ್ತು. ಬೀಜ ಎಲ್ಲಿಯದು, ಯಾವ ವರ್ಷದ್ದು ಅಂತ ಒಂದು ಅಕ್ಷರ ಇಲ್ಲ.

ಎಣಿಕೆ

ವಾಲಿದ್ದು ಸರಿಯೋ ತಪ್ಪೋ ಅಂತ ಹೇಳಲು ಎಣಿಸಲೇಬೇಕು. ಒಂದು ಶನಿವಾರ ಮಧ್ಯಾಹ್ನ, ಮರುದಿನ ಭಾನುವಾರ ಪೂರ್ತಿ, ನಾನೂ ರೈಟರೂ ಆ ಎಕರೆಯ ಒಂದೊಂದು ಗಿಡದ ಎಲೆ ತಿರುಗಿಸಿ ನೋಡಿದೆವು. ತುಕ್ಕು ಎಲೆಯ ಕೆಳಗಿನಿಂದ ಒಳಗೆ ಹೋಗುತ್ತದೆ, ಅಲ್ಲೇ ಇರುವ ಸಣ್ಣ ಉಸಿರಾಟದ ರಂಧ್ರಗಳಿಂದ. ಮೇಲಿನಿಂದ ನೋಡಿದರೆ ಮಾಸಲು ಹಳದಿ ಚುಕ್ಕೆ, ತಿರುಗಿಸಿದರೆ ಕಿತ್ತಳೆ ಪುಡಿ. ಎರಡು ದಿನ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು.

ನಿಂತಿದ್ದ ಗಿಡ 1,140. ತುಕ್ಕು ಇದ್ದದ್ದು 64ರಲ್ಲಿ.

ಚಂದ್ರಗಿರಿ ಗಿಡ್ಡ ಗಿಡ. ಗೆಣ್ಣು ಹತ್ತಿರ ಹತ್ತಿರ, ಎಲೆ ದಪ್ಪ, ಕಡು ಹಸಿರು. ಆದರೆ ಬ್ಲಾಕಿನಲ್ಲಿ ಅಲ್ಲಲ್ಲಿ ತಲೆ ಎತ್ತಿ ನಿಂತ ಉದ್ದ ಗಿಡಗಳಿದ್ದವು. ಗೆಣ್ಣಿನ ನಡುವೆ ನಾಲ್ಕು ಬೆರಳು ಅಂತರ. ಅಂಥವು ಒಟ್ಟು 52. ಆ 52ರಲ್ಲಿ 47ಕ್ಕೆ ತುಕ್ಕು. ಗಿಡ್ಡ ಗಿಡ 1,088, ಅದರಲ್ಲಿ ತುಕ್ಕು ಬಂದದ್ದು 17ಕ್ಕೆ ಮಾತ್ರ.

"ನಾನು ಹೇಳಲಿಲ್ವಾ?" ಅಂತ ಅಣ್ಣ ಅಂದ. ಆ ಹೊತ್ತಿಗೆ ನರ್ಸರಿಗೆ ಫೋನ್ ಮಾಡಲು ಹೊರಟೇಬಿಟ್ಟಿದ್ದ.

ಉದ್ದ ಗಿಡಗಳ ವಿಷಯದಲ್ಲಿ ಅವನದ್ದು ಸರಿ. ಅರೇಬಿಕಾ ತನ್ನ ಪರಾಗಕ್ಕೇ ಕಾಯಿ ಕಟ್ಟುವ ಜಾತಿ. ಆದರೂ ನೂರಕ್ಕೆ ಹತ್ತರ ಆಸುಪಾಸು ಹೂವಿಗೆ ಜೇನೋ ಗಾಳಿಯೋ ಪಕ್ಕದ ಗಿಡದ ಪರಾಗ ತಂದು ಹಾಕಿಬಿಡುತ್ತದೆ. ಹಾಗೆ ಚಂದ್ರಗಿರಿಯ ಹೂವಿಗೆ ಎಸ್.795ರ ಪರಾಗ ಬಿದ್ದರೆ ಹುಟ್ಟುವ ಸಸಿ ಉದ್ದ ಆಗುವುದಿಲ್ಲ, ಗಿಡ್ಡವೇ ಆಗುತ್ತದೆ. ಗಿಡ್ಡತನದ ಗುಣ ಇನ್ನೊಂದರ ಮೇಲೆ ಜೋರು ಮಾಡುತ್ತದೆ. ಅಂದರೆ ಈ 52 ಜೇನಿನ ಕೆಲಸ ಅಲ್ಲ. ಬೇರೆ ತಳಿಯ ಬೀಜ ಸೇರಿರಬೇಕು, ಇಲ್ಲವೇ ಬೀಜ ತೆಗೆದ ತಾಯಿ ಗಿಡವೇ ಶುದ್ಧ ಇರಲಿಲ್ಲ. ಎರಡರಲ್ಲಿ ಯಾವುದಾದರೂ ಹೊಣೆ ಸಸಿ ಮಾರಿದವರದ್ದೇ.

ಉಳಿದದ್ದು ಆ 17. ನಿಜ ಹೇಳಬೇಕೆಂದರೆ ಅವನ್ನು ಬಿಟ್ಟುಬಿಡೋಣ ಅನಿಸಿತ್ತು. ಆದರೆ ಪುಸ್ತಕದಲ್ಲಿ ಸಾಲಿನ ನಕ್ಷೆ ಬರೆದು ಗುರುತು ಹಾಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಉದ್ದ ಗಿಡಗಳು ಎಕರೆ ತುಂಬ ರಾಗಿ ಚೆಲ್ಲಿದ ಹಾಗೆ ಹರಡಿದ್ದವು. ಈ 17 ಗಿಡ್ಡ ಗಿಡಗಳು ಮಾತ್ರ ಮೇಲಿನ ಮೂರು ಸಾಲಿನಲ್ಲೇ ಇದ್ದವು. ಆ ಸಾಲುಗಳ ನೆತ್ತಿಯ ಮೇಲೇ ಕಾವೇರಿ ಬ್ಲಾಕು.

ಅವುಗಳಲ್ಲಿ ಮೂರು ಗಿಡ ಕಾಯಿ ಜಾಸ್ತಿ ಹೊತ್ತು ಸೊರಗಿದ್ದವು. ಫಸಲು ಜಾಸ್ತಿ ಹೊತ್ತ ಗಿಡ ತುಕ್ಕಿಗೆ ಬೇಗ ಸಿಗುತ್ತದೆ, ಅದು ಗೊತ್ತಿರುವ ಸಂಗತಿ. ಉಳಿದ 14 ಚೆನ್ನಾಗಿಯೇ ಇದ್ದವು.

ಗೋಡಂಬಿಯಂಥ ಪುಡಿ

ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಪುಡಿ ಇಟ್ಟು ನೋಡಿದೆ. ಒಂದೊಂದು ಕಣವೂ ಗೋಡಂಬಿ ಆಕಾರ. ಬೆನ್ನು ಉಬ್ಬು, ಅದರ ಮೇಲೆಲ್ಲ ಸಣ್ಣ ಮುಳ್ಳು. ಹೊಟ್ಟೆ ಕಡೆ ನುಣುಪು. ಇದರ ಹೆಸರು ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್. ಹೆಮಿಲಿಯಾ ಅಂದರೆ ಅರ್ಧ ನುಣುಪು. ವ್ಯಾಸ್ಟಾಟ್ರಿಕ್ಸ್ ಅಂದರೆ ಹಾಳು ಮಾಡುವವಳು, ಸ್ತ್ರೀಲಿಂಗದಲ್ಲೇ. 1869ರಲ್ಲಿ ಸಿಲೋನಿನಿಂದ ಬಂದ ಎಲೆ ನೋಡಿ ಬರ್ಕ್ಲಿ ಮತ್ತು ಬ್ರೂಮ್ ಎಂಬ ಶಿಲೀಂಧ್ರ ತಜ್ಞರು ಇಟ್ಟ ಹೆಸರು. ಆ ಮೇಲೆ ಸಿಲೋನಿನಲ್ಲಿ ಕಾಫಿ ಹೋಗಿ ಟೀ ಬಂತು. ಇವತ್ತು ನಾವು ಶ್ರೀಲಂಕಾ ಅಂದರೆ ಟೀ ಅನ್ನುತ್ತೇವೆ, ಅದಕ್ಕೆ ಕಾರಣ ಈ ಗೋಡಂಬಿ.

ಒಂದು ಚುಕ್ಕೆ ಕೆಲವು ತಿಂಗಳಲ್ಲಿ ಇಂಥ ಮೂರ್ನಾಲ್ಕು ಲಕ್ಷ ಕಣ ಉದುರಿಸುತ್ತದೆ. ಒಂದು ಎಲೆಗೆ ಹತ್ತು ಚುಕ್ಕೆ, ಒಂದು ಗಿಡಕ್ಕೆ ನೂರು ಎಲೆ ಅಂತ ಇಟ್ಟುಕೊಳ್ಳಿ. ಲೆಕ್ಕ ಅಲ್ಲಿಗೇ ಬಿಡೋಣ.

ಈ ಶಿಲೀಂಧ್ರಕ್ಕೆ ಗಂಡು ಹೆಣ್ಣು ಕೂಡುವ ಗೊಡವೆ ಹೆಚ್ಚೇನೂ ಇದ್ದ ಹಾಗಿಲ್ಲ. ಗೋಧಿಯ ತುಕ್ಕಿಗೆ ಬಾರ್ಬೆರಿ ಅಂತ ಇನ್ನೊಂದು ಆಸರೆ ಗಿಡ ಇದೆ, ಅಲ್ಲಿ ಅದು ಕೂಡಿ ಹೊಸ ಪೀಳಿಗೆ ಮಾಡಿಕೊಳ್ಳುತ್ತದೆ. ಕಾಫಿ ತುಕ್ಕಿಗೆ ಅಂಥ ಗಿಡ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ತೋಟದಲ್ಲಿ ನಾವು ನೋಡುವ ಪುಡಿಯೆಲ್ಲ ಬಹುಪಾಲು ತನ್ನ ತದ್ರೂಪನ್ನೇ ತಾನು ಹೆತ್ತದ್ದು. ಹಾಗಾದರೆ ಹೊಸ ಗುಣ ಹೇಗೆ ಬರುತ್ತದೆ? ಲಕ್ಷ ಲಕ್ಷ ಪ್ರತಿ ತೆಗೆಯುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ, ಅಷ್ಟೇ. ಇದರ ಜೀನೋಮು, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಸುಮಾರು 80 ಕೋಟಿ ಅಕ್ಷರದ್ದು, ರೋಬಸ್ಟಾ ಗಿಡದ್ದಕ್ಕಿಂತಲೂ ದೊಡ್ಡದು. ತಪ್ಪಲು ಜಾಗ ಬೇಕಾದಷ್ಟಿದೆ.

ಕೆಂಪು ಟವಲಿನ ಕಳ್ಳ

ಅಣ್ಣನಿಗೆ ಇದನ್ನು ಹೀಗೆ ಹೇಳಿದೆ. ನಿನ್ನ ಗೇಟಿನಲ್ಲಿ ಒಬ್ಬ ವಾಚ್‌ಮನ್ ಇದ್ದಾನೆ. ಮೆಣಸು ಕದಿಯಲು ಬರುವವನು ಯಾವಾಗಲೂ ಕೆಂಪು ಟವಲು ಸುತ್ತಿಕೊಂಡು ಬರುತ್ತಾನೆ. ವಾಚ್‌ಮನ್‌ಗೆ ಗೊತ್ತಿರುವುದು ಆ ಟವಲು ಮಾತ್ರ, ಮುಖ ಗೊತ್ತಿಲ್ಲ. ಟವಲು ಕಂಡರೆ ಕೂಗುತ್ತಾನೆ. ಒಂದು ದಿನ ಕಳ್ಳ ಟವಲು ಮನೆಯಲ್ಲೇ ಬಿಟ್ಟು ಬಂದರೆ?

"ಬಾಗಿಲು ತೆಗೀತಾನೆ," ಅಂದ ಅಣ್ಣ.

ಕಾಫಿ ಗಿಡದೊಳಗೆ ಇಂಥ ವಾಚ್‌ಮನ್ ಜೀನುಗಳಿವೆ. ವಿಜ್ಞಾನಿಗಳು ಎಸ್‌ಎಚ್1ರಿಂದ ಎಸ್‌ಎಚ್9ರವರೆಗೆ ಒಂಬತ್ತನ್ನು ಹೆಸರಿಸಿದ್ದಾರೆ. 1, 2, 4, 5 ಅರೇಬಿಕಾದವು. 3 ಬಂದದ್ದು ಲಿಬೆರಿಕಾ ಎಂಬ ಇನ್ನೊಂದು ಕಾಫಿ ಜಾತಿಯಿಂದ. 6ರಿಂದ 9 ರೋಬಸ್ಟಾ ಕಡೆಯವು. ಒಂದೊಂದು ಜೀನೂ ಶಿಲೀಂಧ್ರದ ಒಂದೊಂದು ಗುರುತನ್ನು ಹಿಡಿಯುತ್ತದೆ. ಶಿಲೀಂಧ್ರ ಆ ಗುರುತನ್ನು ಕಳೆದುಕೊಂಡರೆ ಆ ಜೀನು ಇದ್ದೂ ಇಲ್ಲದ ಹಾಗೆ. ಯಾವ ಯಾವ ಗುರುತು ಕಳೆದುಕೊಂಡಿದೆ ಅನ್ನುವುದರ ಮೇಲೆ ತುಕ್ಕನ್ನು ರೇಸುಗಳಾಗಿ ವಿಂಗಡಿಸುತ್ತಾರೆ. ಲೋಕದಲ್ಲಿ ಇದುವರೆಗೆ 50ಕ್ಕೂ ಜಾಸ್ತಿ ರೇಸು ಲೆಕ್ಕಕ್ಕೆ ಸಿಕ್ಕಿವೆ.

ಕಾಫಿ ತುಕ್ಕಿನಲ್ಲಿ ರೇಸು ಅಂತ ಇದೆ ಎಂದು ಮೊದಲು ತೋರಿಸಿಕೊಟ್ಟದ್ದು ನಮ್ಮ ಜಿಲ್ಲೆಯಲ್ಲೇ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ಶುರು ಮಾಡಿತು. ಅಲ್ಲಿದ್ದ ಮೇನ್ ಎಂಬ ಶಿಲೀಂಧ್ರ ತಜ್ಞ 1932ರಲ್ಲಿ ಇದನ್ನು ಬರೆದರು. ಆಗ ಬೆಳೆಗಾರರಿಗೆ ಒಂದು ಒಗಟು ಇತ್ತು. ಮೊದಲು 'ಚಿಕ್' ಅನ್ನುವ ತಳಿ ಇತ್ತು, ಚಿಕ್ಕಮಗಳೂರಿನ ಹೆಸರಿನದ್ದೇ. ಅದು ಹೋಯಿತು. ಆಮೇಲೆ ಕೂರ್ಗ್ ತಳಿ ಬಂತು, ಅದೂ ಹೋಯಿತು. ಆಮೇಲೆ ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ತುಕ್ಕಿಲ್ಲದ ಒಂದು ಗಿಡ ನೋಡಿ ಬೀಜ ಮಾಡಿದ. ಅದೇ ಕೆಂಟ್ಸ್. ಕೆಲವು ವರ್ಷ ಎಲ್ಲರೂ ಅದನ್ನೇ ಹಾಕಿದರು. ಆಮೇಲೆ ಅದಕ್ಕೂ ತುಕ್ಕು. ಗಿಡ ಕೆಟ್ಟಿತು ಅಂದರು ಜನ. ಗಿಡ ಹಾಗೇ ಇತ್ತು, ಬದಲಾದದ್ದು ತುಕ್ಕು ಅಂತ ಮೇನ್ ಅವರ ಕೆಲಸದಿಂದ ಗೊತ್ತಾಯಿತು.

ಇದರ ಮುಂದಿನ ಹೆಜ್ಜೆ ಎಸ್.795. ಲಿಬೆರಿಕಾ ರಕ್ತ ಇದ್ದ ಎಸ್.288ಕ್ಕೂ ಕೆಂಟ್ಸ್‌ಗೂ ಕೂಡಿಸಿ 1940ರ ದಶಕದಲ್ಲಿ ಬಾಳೆಹೊನ್ನೂರಿನಿಂದ ಬಂದ ತಳಿ. ಎರಡು ವಾಚ್‌ಮನ್, 2 ಮತ್ತು 3. ಕೆಲವು ದಶಕ ಚೆನ್ನಾಗಿ ನಡೆಯಿತು. ಅವೆರಡನ್ನೂ ದಾಟುವ ತುಕ್ಕು ಆಮೇಲೆ ಬಂತು. ಆದರೂ ದೊಡ್ಡಪ್ಪನಂಥವರು ಅದನ್ನು ಬಿಡಲಿಲ್ಲ. ಕಪ್ಪಿನಲ್ಲಿ ಅದರ ರುಚಿಯೇ ಬೇರೆ. ಬೋರ್ಡೋ ಹೊಡೆದರೆ ಆಯಿತಲ್ಲ ಅಂದುಕೊಂಡರು.

ಇನ್ನು ಕಾವೇರಿ, ಚಂದ್ರಗಿರಿ. ಇವೆರಡರ ಮೂಲ ತಿಮೋರ್ ದ್ವೀಪ. 1920ರ ದಶಕದಲ್ಲಿ ಅಲ್ಲಿನ ಅರೇಬಿಕಾ ತೋಟವೊಂದರಲ್ಲಿ, ಸುತ್ತ ತುಕ್ಕು ಹತ್ತಿದ್ದರೂ ಒಂದು ಗಿಡ ಮಾತ್ರ ಚೆನ್ನಾಗಿ ನಿಂತಿತ್ತು. ಅರೇಬಿಕಾಕ್ಕೂ ರೋಬಸ್ಟಾಕ್ಕೂ ತಾನೇ ತಾನಾಗಿ ಆದ ಮಿಶ್ರ. ಪೋರ್ಚುಗಲ್‌ನಲ್ಲಿ 1955ರಲ್ಲಿ ಕಾಫಿ ತುಕ್ಕಿಗೆಂದೇ ಒಂದು ಸಂಶೋಧನಾ ಕೇಂದ್ರ ತೆರೆದರು. ಅಲ್ಲಿ ಈ ತಿಮೋರ್ ಗಿಡಗಳನ್ನು ಕಟುರಾ ಎಂಬ ಗಿಡ್ಡ ತಳಿಗೆ ಕೂಡಿಸಿದ್ದು ಕಟಿಮೋರ್. ನಮ್ಮ ಕಾವೇರಿ ಅದರ ಮಗು. ವಿಲ್ಲಾ ಸಾರ್ಚಿ ಎಂಬ ಇನ್ನೊಂದು ಗಿಡ್ಡ ತಳಿಗೆ ಕೂಡಿಸಿದ್ದು ಸಾರ್ಚಿಮೋರ್. 2007ರಲ್ಲಿ ಬಂದ ಚಂದ್ರಗಿರಿ ಅದರ ಮಗು.

ಅಂದರೆ ಅಣ್ಣನ ತೋಟದಲ್ಲಿ ಮೇಲೆ ಕೆಳಗೆ ನಿಂತಿರುವುದು ದಾಯಾದಿಗಳು. ರೋಬಸ್ಟಾ ಕಡೆಯಿಂದ ಬಂದ ವಾಚ್‌ಮನ್‌ಗಳಲ್ಲಿ ಕೆಲವರು ಎರಡೂ ಮನೆಯಲ್ಲಿ ಅವರೇ. ಈ ಮಾತು ಹೊಳೆದಾಗ ನಕ್ಷೆಯ ಮೇಲಿನ ಮೂರು ಸಾಲು ಬೇರೆ ಥರ ಕಾಣತೊಡಗಿತು.

ಸೋಫಾ ಫೋಮಿನ ಮೇಲೆ ಎಲೆ

ಈಗ ಎರಡು ಸಾಧ್ಯತೆ ಉಳಿದವು. ಒಂದು, ಆ 17 ಗಿಡ ನೋಡಲು ಗಿಡ್ಡ ಇದ್ದರೂ ಒಳಗೆ ಬೆರಕೆ, ಹಾಗಾಗಿ ಮಾಮೂಲಿ ತುಕ್ಕೇ ಹತ್ತಿದೆ. ಎರಡು, ಗಿಡ ಸರಿಯಾದ ಚಂದ್ರಗಿರಿಯೇ, ತುಕ್ಕು ಬೇರೆ. ಎಲೆ ನೋಡಿ ಇದನ್ನು ಹೇಳಲಾಗದು. ಪುಡಿ ನೋಡಿಯೂ ಹೇಳಲಾಗದು, ಎಲ್ಲ ರೇಸಿನ ಗೋಡಂಬಿಯೂ ಒಂದೇ ಥರ. ಹತ್ತಿಸಿಯೇ ನೋಡಬೇಕು.

ಇದಕ್ಕೆ ಒಂದು ಹಳೇ, ಅಗ್ಗದ ದಾರಿ ಇದೆ. ಎಲೆಯಿಂದ ದುಂಡಗೆ ಬಿಲ್ಲೆ ಕತ್ತರಿಸಿ, ಕೆಳಭಾಗ ಮೇಲೆ ಬರುವ ಹಾಗೆ ಒದ್ದೆ ಫೋಮಿನ ಮೇಲೆ ಇಡುವುದು. ತುಕ್ಕಿನ ಪುಡಿ ಕಲಸಿದ ನೀರನ್ನು ಒಂದೊಂದು ಹನಿ ಬಿಡುವುದು. ಒಂದು ದಿನ ಕತ್ತಲು, ಆಮೇಲೆ ಮಂದ ಬೆಳಕು. ಕಾಫಿ ಎಲೆ ಗಟ್ಟಿ, ಹಾಗೆ ಇಟ್ಟರೆ ಒಂದೂವರೆ ತಿಂಗಳು ಹಸಿರಾಗೇ ಇರುತ್ತದೆ. ಚಿಕ್ಕಮಗಳೂರಿನ ಅಕ್ಟೋಬರ್ ಹವೆಯಲ್ಲಿ ಎಸಿ, ಹೀಟರ್ ಯಾವುದೂ ಬೇಡ.

ಮೊದಲ ಸಲ ಹಾಳಾಯಿತು. ಹಳೇ ಸೋಫಾದ ಫೋಮು ಕತ್ತರಿಸಿ, ಸ್ವೀಟ್ ಡಬ್ಬದಲ್ಲಿ ಹಾಕಿ, ನಲ್ಲಿ ನೀರು ಸುರಿದು ಇಟ್ಟೆ. ಹತ್ತೇ ದಿನಕ್ಕೆ ಕಪ್ಪು ಬೂಷ್ಟು. ಡಬ್ಬ ತೆಗೆದರೆ ಹಳೇ ಉಪ್ಪಿನಕಾಯಿ ಭರಣಿಯ ವಾಸನೆ. ನನ್ನ ಮಗಳು ಮೂಗು ಮುಚ್ಚಿಕೊಂಡು ಓಡಿದಳು.

ಎರಡನೇ ಸಲ ಫೋಮು ಕುದಿಸಿದೆ. ನೀರು ಕುದಿಸಿ ಆರಿಸಿದೆ. ಕಾಲೇಜಿನ ಕಾರ್ಕ್ ಕೊರೆಯುವ ಕೊಳವೆಯಿಂದ ಬಿಲ್ಲೆ ತೆಗೆದೆ. ನಾಲ್ಕು ಡಬ್ಬ, ಒಂದೊಂದಕ್ಕೆ ಒಂದೊಂದು ತುಕ್ಕು: ಎಸ್.795ರದ್ದು, ಕಾವೇರಿಯದ್ದು, ಉದ್ದ ಗಿಡದ್ದು, ಆ 17ರದ್ದು. ಒಂದೊಂದು ಡಬ್ಬದಲ್ಲಿ ನಾಲ್ಕು ಥರದ ಎಲೆ, ಹತ್ತತ್ತು ಬಿಲ್ಲೆ: ಎಸ್.795, ನಮ್ಮ ಬ್ಲಾಕಿನ ಕೆಳತುದಿಯ ಆರೋಗ್ಯವಂತ ಚಂದ್ರಗಿರಿ, ರೋಬಸ್ಟಾ, ಮತ್ತು ಸಕಲೇಶಪುರದ ಹತ್ತಿರದ ಗೆಳತಿಯೊಬ್ಬಳ ತೋಟದ ಚಂದ್ರಗಿರಿ. ಈ ಕೊನೆಯದ್ದು ಮುಖ್ಯ. ಅದು ಬೇರೆ ಬೀಜದ್ದು, ಬೇರೆ ಕಡೆ ಬೆಳೆದದ್ದು, ನಮ್ಮ ನರ್ಸರಿಗೂ ಅದಕ್ಕೂ ಸಂಬಂಧ ಇಲ್ಲ. ಗೆಳತಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಾಸನಕ್ಕೆ ಹೋಗುವವರ ಕೈಯಲ್ಲಿ ಕೊಟ್ಟು, ಅಲ್ಲಿಂದ ಬಸ್ಸಿನಲ್ಲಿ ಕಳಿಸಿದಳು.

ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಡಬ್ಬಗಳನ್ನಿಟ್ಟೆ. ಹದಿನೆಂಟನೇ ದಿನ ಕೆಲವು ಬಿಲ್ಲೆಯ ಮೇಲೆ ಮಸುಕು ಹಳದಿ ಚುಕ್ಕೆ. ಇಪ್ಪತ್ತಾರನೇ ದಿನ ಎಸ್.795ರ ಬಿಲ್ಲೆಯಲ್ಲಿ ಮೊದಲ ಕಿತ್ತಳೆ ಪುಡಿ, ಸಾಸಿವೆ ಕಾಳಿನ ಅರ್ಧದಷ್ಟು. ನಲವತ್ತನೇ ದಿನ ಎಣಿಸಿದೆ.

ಎಸ್.795ರ ತುಕ್ಕು ತನ್ನ ತಳಿಯ ಹತ್ತು ಬಿಲ್ಲೆಯಲ್ಲಿ ಎಂಟರಲ್ಲಿ ಪುಡಿ ಎಬ್ಬಿಸಿತ್ತು. ಎರಡೂ ಊರಿನ ಚಂದ್ರಗಿರಿಯ ಮೇಲೆ ಪುಡಿ ಇಲ್ಲ. ಸೂಜಿ ಮೊನೆಯಷ್ಟು ಬಿಳಿಚಿದ ಚುಕ್ಕೆ ಮಾತ್ರ. ವಾಚ್‌ಮನ್ ಕೂಗಿದ್ದು ಅದು: ಶಿಲೀಂಧ್ರ ಹೊಕ್ಕ ಜಾಗದ ಜೀವಕೋಶಗಳು ತಾವೇ ಸತ್ತು ಅದನ್ನು ಅಲ್ಲೇ ನಿಲ್ಲಿಸಿದ ಗುರುತು. ಉದ್ದ ಗಿಡದ ತುಕ್ಕೂ ಹೆಚ್ಚು ಕಡಿಮೆ ಹಾಗೇ ನಡೆದುಕೊಂಡಿತು. ಅಂದರೆ ಅದು ಮಾಮೂಲಿ ತುಕ್ಕು, ಬೆರಕೆ ಗಿಡಕ್ಕೆ ಹತ್ತಿದ್ದು.

ಕಾವೇರಿಯ ತುಕ್ಕು ಎಸ್.795ರಲ್ಲಿ ಏಳು ಬಿಲ್ಲೆ ಹಿಡಿದಿತ್ತು. ನಮ್ಮ ಚಂದ್ರಗಿರಿಯಲ್ಲಿ ಮೂರು, ಸಕಲೇಶಪುರದ್ದರಲ್ಲಿ ಎರಡು.

ಆ 17ರ ತುಕ್ಕು: ಎಸ್.795ರಲ್ಲಿ ಏಳು, ನಮ್ಮ ಚಂದ್ರಗಿರಿಯಲ್ಲಿ ಆರು, ಸಕಲೇಶಪುರದ್ದರಲ್ಲಿ ಐದು. ರೋಬಸ್ಟಾ ನಾಲ್ಕು ಡಬ್ಬದಲ್ಲೂ ತಣ್ಣಗೆ ಕೂತಿತ್ತು.

ಸಕಲೇಶಪುರದ ಆ ಐದು ಬಿಲ್ಲೆ ನೋಡಿದಾಗ ನನ್ನ ಮೊದಲ ಉತ್ತರ ಬಿದ್ದುಹೋಯಿತು. ಆ ಎಲೆಗೆ ನಮ್ಮ ನರ್ಸರಿಯ ಗಾಳಿಯೂ ತಾಗಿಲ್ಲ. ಅದರ ಮೇಲೂ ಪುಡಿ ಎದ್ದಿದೆ ಅಂದರೆ ಬದಲಾಗಿರುವುದು ತುಕ್ಕೇ.

ಜರಡಿ

ಇದನ್ನು ನಾನು ಹೀಗೆ ಓದುತ್ತೇನೆ. ಗುಡ್ಡದ ಮೇಲಿನ ಎಸ್.795 ತುಕ್ಕಿಗೆ ಬಾಗಿಲು ತೆರೆದ ಮನೆ. ಅಲ್ಲಿ ಯಾವ ಕಣ ಬಿದ್ದರೂ ಬದುಕುತ್ತದೆ, ಹೊಸ ಗುಣ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಇಲ್ಲ. ಕಾವೇರಿ ಹಾಗಲ್ಲ. ಅದು ಜರಡಿ. ಮಾಮೂಲಿ ಕಣಗಳನ್ನು ತಡೆದು, ಯಾವುದು ಗುರುತು ಕಳೆದುಕೊಂಡಿದೆಯೋ ಅದನ್ನು ಮಾತ್ರ ಕೆಳಗೆ ಬಿಡುತ್ತದೆ. ವರ್ಷಗಟ್ಟಲೆ, ಬೋರ್ಡೋ ಇಲ್ಲದೆ, ಆ ಜರಡಿ ಆಡುತ್ತಲೇ ಇತ್ತು. ಜರಡಿಯ ಕೆಳಗೇ ಅಣ್ಣ ಅದರ ದಾಯಾದಿಯನ್ನು ನೆಟ್ಟ. ಅದಕ್ಕೂ ಔಷಧಿ ಇಲ್ಲ. ಜುಲೈ ಮಳೆ ಮೇಲಿನ ಎಲೆಯಿಂದ ಕೆಳಗಿನ ಸಾಲಿಗೆ ಪುಡಿ ತೊಳೆದು ತಂದಿದೆ.

ಕಾವೇರಿ ಡಬ್ಬದಲ್ಲಿ ಚಂದ್ರಗಿರಿಯ ಬಿಲ್ಲೆ ಕೆಲವೇ ಹಿಡಿದದ್ದೂ, 17ರ ಡಬ್ಬದಲ್ಲಿ ಜಾಸ್ತಿ ಹಿಡಿದದ್ದೂ ಇದಕ್ಕೆ ಹೊಂದುತ್ತದೆ. ಕಾವೇರಿಯ ಪುಡಿಯಲ್ಲಿ ನಾಲ್ಕಾರು ಥರ ಬೆರೆತಿರಬೇಕು, ಚಂದ್ರಗಿರಿ ಅದನ್ನು ಇನ್ನೊಮ್ಮೆ ಜರಡಿ ಹಿಡಿದಿದೆ.

ಹತ್ತು ಹತ್ತು ಬಿಲ್ಲೆಯಿಂದ ರೇಸಿನ ನಂಬರು ಹೇಳಲಾಗದು. ಅದಕ್ಕೆ ಯಾವ ಗಿಡದಲ್ಲಿ ಯಾವ ಜೀನು ಅಂತ ಖಚಿತ ಇರುವ ಪರೀಕ್ಷಾ ಗಿಡಗಳ ಪೂರ್ತಿ ಸೆಟ್ಟು ಬೇಕು. ನನ್ನ ಮೆಟ್ಟಿಲ ಕೆಳಗೆ ಅದಿಲ್ಲ. ಆದರೆ ಅಣ್ಣನಿಗೆ ಬೇಕಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. 52 ಗಿಡ ನರ್ಸರಿಯ ಲೆಕ್ಕ. 17 ಗಿಡ ನಮ್ಮ ಲೆಕ್ಕ.

ಅವನಿಗೆ ಅದು ಹಿಡಿಸಲಿಲ್ಲ. "ಅಂದ್ರೆ ನಾನೇ ಸಾಕಿದೀನಿ ಅಂತೀಯಾ?" ಅಂದ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಕೂತಿದ್ದೆವು. ದೊಡ್ಡಮ್ಮ ಅಕ್ಕಿರೊಟ್ಟಿ ತಂದಿಟ್ಟರು.

ಏನು ಮಾಡಿದೆವು

ಕೀಳುವ ಮಾತು ಅಲ್ಲಿಗೆ ನಿಂತಿತು. 1,088ರಲ್ಲಿ 1,071 ಗಿಡ ಚೆನ್ನಾಗಿವೆ, ಅದನ್ನು ಕಿತ್ತು ರೋಬಸ್ಟಾ ಹಾಕುವುದು ಹುಚ್ಚುತನ. ರೋಬಸ್ಟಾ ಹಾಕುವವರಿಗೆ ಬೇರೆ ಕಾರಣಗಳಿರಬಹುದು, ಕಾಂಡಕೊರಕ, ಆಳು, ರೇಟು. ಈ 17 ಗಿಡ ಕಾರಣ ಆಗಬಾರದು.

ಮಳೆ ಬಿಟ್ಟ ಕೂಡಲೇ ಮೂರೂ ಬ್ಲಾಕಿಗೆ ಬೋರ್ಡೋ ಹೊಡೆಸಿದೆವು. ಕಾವೇರಿಗೂ ಯಾಕೆ ಖರ್ಚು ಅಂತ ಅಣ್ಣ ತಕರಾರು ತೆಗೆದ. ಎಲ್ಲಕ್ಕಿಂತ ಮೊದಲು ಅದಕ್ಕೇ ಅಂತ ಹಟ ಹಿಡಿದೆ. ಒಳಗೆ ಹೀರಿಕೊಳ್ಳುವ ಔಷಧಿಗಳೂ ಇವೆ, ಹತ್ತಿದ ತುಕ್ಕಿಗೆ ಅವು ಬೇಗ ಕೆಲಸ ಮಾಡುತ್ತವೆ. ಆದರೆ ಅವು ಶಿಲೀಂಧ್ರದ ಒಂದೇ ಜಾಗಕ್ಕೆ ಪೆಟ್ಟು ಕೊಡುತ್ತವೆ. ಮತ್ತೆ ಅದೇ ಟವಲಿನ ಕತೆ. ತಾಮ್ರ ಒಂದೇ ಏಟಿಗೆ ಹತ್ತು ಕಡೆ ಹೊಡೆಯುತ್ತದೆ, ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಬೋರ್ಡೋ ಮಾಡುವುದನ್ನು ಆ ದಿನ ಎಷ್ಟೋ ವರ್ಷದ ಮೇಲೆ ಹತ್ತಿರದಿಂದ ನೋಡಿದೆ. 200 ಲೀಟರಿನ ಬ್ಯಾರೆಲ್‌ಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು, ಕೋಲಿನಿಂದ ಆಡಿಸುತ್ತಲೇ ಇರಬೇಕು. ನೀಲಿ ಆಕಾಶದ ಬಣ್ಣ ಬಂದ ಮೇಲೆ ರೈಟರು ಸೊಂಟದಿಂದ ಕತ್ತಿ ತೆಗೆದು, ಅಲಗು ಅದ್ದಿ ಒಂದು ನಿಮಿಷ ಹಿಡಿದರು. ಮೇಲೆತ್ತಿದಾಗ ತುದಿಯಲ್ಲಿ ಕೆಂಪಗೆ ತಾಮ್ರ ಕೂತಿತ್ತು. "ಸುಣ್ಣ ಸಾಲ್ದು," ಅಂದರು. ಇನ್ನೊಂದು ಚೊಂಬು ಸುಣ್ಣದ ನೀರು ಬಿತ್ತು. ಈ ಸಲ ಕತ್ತಿ ಬೆಳ್ಳಗೇ ಬಂತು. ತಾಮ್ರ ಬಿಡಿಯಾಗಿ ಉಳಿದರೆ ಎಲೆ ಸುಡುತ್ತದೆ, ಅದಕ್ಕೆ ಈ ಪರೀಕ್ಷೆ.

ಹೊಡೆಯುವವರು ಅಭ್ಯಾಸ ಬಲದಿಂದ ಮೇಲಿನಿಂದ ಹೊಡೆದುಕೊಂಡು ಹೋಗುತ್ತಿದ್ದರು. ಗಿಡ ನೀಲಿ ಆದರೆ ಕೆಲಸ ಮುಗಿಯಿತು ಅನ್ನುವ ಹಾಗೆ. ತುಕ್ಕು ಹೊಗುವುದು ಕೆಳಗಿನಿಂದ ಅಲ್ವಾ? ನಾಝಲ್ಲನ್ನು ಗಿಡದ ಒಳಕ್ಕೆ ತೂರಿಸಿ ಮೇಲ್ಮುಖ ಮಾಡಿ ಹೊಡೆಯಿರಿ ಅಂತ ಒಂದೊಂದು ಸಾಲಿನಲ್ಲೂ ಹೇಳಬೇಕಾಯಿತು. ನನ್ನ ದುಪಟ್ಟಾ ಆ ದಿನ ನೀಲಿ.

ಜನವರಿಯಲ್ಲಿ ಕೊಯ್ಲು ಮುಗಿದ ಮೇಲೆ ಮರಗಸಿ ಪೂರ್ತಿ ಆಯಿತು. 52 ಉದ್ದ ಗಿಡಗಳನ್ನು ಬುಡದಿಂದ ಒಂದಡಿ ಬಿಟ್ಟು ಕತ್ತರಿಸಿದರು. ಬಂದ ಚಿಗುರಿಗೆ ಕೆಳಸಾಲಿನ ಒಳ್ಳೆ ಗಿಡದ ಕಡ್ಡಿ ಕಸಿ ಮಾಡಿದರು. ಮೂರನೇ ಒಂದು ಭಾಗ ಒಣಗಿತು, ಉಳಿದವು ಹಿಡಿದಿವೆ. ನರ್ಸರಿಯವರು ಫೋನಿನಲ್ಲಿ, "ಹತ್ತು ವರ್ಷ ಆಯ್ತಲ್ಲ ಸಾರ್," ಅಂದರಂತೆ. ಆ ಮಾತು ಅಲ್ಲಿಗೇ ಮುಗಿಯಿತು.

17 ಗಿಡಗಳಿಗೆ ಕಾಂಡದ ಮೇಲೆ ಕೆಂಪು ಪೇಂಟಿನ ಪಟ್ಟೆ ಹಾಕಿದೆವು. ಅವನ್ನು ಕಡಿದು ಸುಡೋಣ ಅಂತ ನಾನು ಹೇಳಿದ್ದೆ. ಅಣ್ಣ ಒಪ್ಪಲಿಲ್ಲ, ಅದರಲ್ಲಿ ಒಳ್ಳೆ ಫಸಲಿತ್ತು. ಕಾವೇರಿಯಲ್ಲಿ ಅದೇ ತುಕ್ಕು ಇರುವಾಗ 17 ಕಡಿದು ಏನು ಬಂತು ಅನ್ನುವ ಅವನ ಮಾತಿನಲ್ಲೂ ಹುರುಳಿತ್ತು.

ಅಂದಹಾಗೆ ಕಾವೇರಿ ಬ್ಲಾಕಿನಲ್ಲಿ ಇನ್ನೊಂದು ಕಂಡಿತು. ಕೆಲವು ಎಲೆಗಳ ಕಿತ್ತಳೆ ಚುಕ್ಕೆಯ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು, ಹಲಸಿನ ತೊಳೆ ಹಳಸಿದಾಗ ಕಟ್ಟುವ ಹಾಗೆ. ಲೆಕಾನಿಸಿಲಿಯಂ ಅನ್ನುವ ಇನ್ನೊಂದು ಶಿಲೀಂಧ್ರ, ತುಕ್ಕನ್ನೇ ತಿನ್ನುತ್ತದೆ. ಇದರ ಹಿಂದೆ ಬೀಳಬೇಕು ಅಂತ ಆಸೆ ಇದೆ. ಪರೀಕ್ಷೆ ಪೇಪರು ತಿದ್ದುವ ಕೆಲಸ ಮುಗಿದರೆ.

ಮೇ ಕೊನೆಯಲ್ಲಿ, ಮಳೆಗೆ ಮುಂಚಿನ ಬೋರ್ಡೋ ಕಾವೇರಿಗೂ ಚಂದ್ರಗಿರಿಗೂ ಬಿತ್ತು. ಆ ಸೆಪ್ಟೆಂಬರ್‌ನಲ್ಲಿ ನಾನು ಹೋಗಲಾಗಲಿಲ್ಲ. ರೈಟರು ಎಣಿಸಿ ಅಣ್ಣನ ಕೈಯಲ್ಲಿ ಫೋನ್ ಮಾಡಿಸಿದರು. ಕೆಂಪು ಪಟ್ಟೆಯ 17ರಲ್ಲಿ 14ಕ್ಕೆ ತುಕ್ಕು ಇದೆ, ಆದರೆ ಎಲೆಗೆ ಒಂದೋ ಎರಡೋ ಚುಕ್ಕೆ. ಹೊಸದಾಗಿ ಏಳು ಗಿಡ ಸೇರಿವೆ. ಐದು ಅದೇ ಮೇಲಿನ ಮೂರು ಸಾಲಿನಲ್ಲಿ, ಎರಡು ನಾಲ್ಕನೇ ಸಾಲಿನಲ್ಲಿ.

"ಇಪ್ಪತ್ತೊಂದು," ಅಂದ ಅಣ್ಣ. "ಎಲೆ ಕಿತ್ತು ಇಟ್ಟಿದೀನಿ. ಡಬ್ಬ ತಗೊಂಡು ಯಾವಾಗ ಬರ್ತೀಯಾ?"